ಮಿಸ್ ಜಂಬಾ ಬಾಯಿ ತೆರೆದ ಮೇಲೆ

ಆರ್ಕೆಸ್ಟ್ರಾದಲ್ಲಿ ಹಾಡಲು, ನಾಟಕದಲ್ಲಿ ಪಾತ್ರ ಮಾಡಲು, ಈಗೀಗ ಮೊಬೈಲಿನಲ್ಲಿ ತೋರಿಸುವ ತುಣುಕು ಹಾಸ್ಯ ಮಾಡಲು ಹೊರಟ ಹುಡುಗಿಯರು ಸೊಲ್ಲಾಪುರದ ನನ್ನ ಮನೆಗೆ ಬರುತ್ತಾರೆ. ಚಹಾ ಕುಡಿಯುತ್ತಾರೆ. ಚಿಕ್ಕಮ್ಮ ಎನ್ನುವ ಹಾಗೆ ಮಾವಶಿ ಎಂದು ಕರೆದು ಕೇಳುವುದು ಒಂದೇ: 'ರೆಜಿನಾ ಮಾವಶಿ, ನಿಮಗ ಫಸ್ಟ್ ಚಾನ್ಸ್ ಯಾರು ಕೊಟ್ರು?'

ಯಾರೂ ಕೊಡಲಿಲ್ಲ ಎಂದರೆ ಅವರಿಗೆ ಸಮಾಧಾನವಿಲ್ಲ. ಸಣ್ಣ ಪತ್ರಿಕೆಗಳವರು ನನ್ನ ಬಗ್ಗೆ ಬರೆಯುವಾಗ 'ಕಂಪನಿ ನಾಟಕದ ಮೊದಲ ಸಿದ್ದಿ ನಾಯಕಿ' ಎಂದು ಬರೆಯುತ್ತಾರೆ. ಮೊದಲಿಗಳೋ ಅಲ್ಲವೋ ನನಗೆ ಗೊತ್ತಿಲ್ಲ. ನನಗಿಂತ ಹಿಂದೆ ನನ್ನಂಥವಳೊಬ್ಬಳು ದಪ್ಪ ಬಣ್ಣದ ಕೆಳಗೆ ಅಡಗಿ ನಟಿಸಿ ಹೋಗಿದ್ದರೆ ಅದನ್ನು ಯಾರು ನೋಡಿದ್ದಾರೆ? ಸನ್ಮಾನ, ಶಾಲು, ಹಾರಗಳ ವಿಚಾರ ಇಲ್ಲಿ ಬರೆಯುವುದಿಲ್ಲ. ಮೊಣಕಾಲು ಒಪ್ಪದೆ ರಂಗದಿಂದ ಇಳಿದವಳು ನಾನು. ಕೆಲಸ ನಿಜಕ್ಕೂ ಹೇಗಿತ್ತು ಎಂಬುದನ್ನಷ್ಟೇ ಬರೆಯುತ್ತೇನೆ. ಕಾಲೇಜಿನಿಂದಲೂ ದಿನಚರಿ ಬರೆಯುವ ಚಟವಿದೆ. ಅದರಿಂದ ಆದ ಒಂದೇ ಲಾಭವೆಂದರೆ ನನ್ನ ನೆನಪನ್ನು ನಾನು ನಂಬುವುದು ಬಿಟ್ಟಿದ್ದೇನೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು ಎಂದು ನಾನು ಹೇಳಿಕೊಂಡು ತಿರುಗಿದ ಒಂದು ಆಟದ ಬಗ್ಗೆ ದಿನಚರಿಯಲ್ಲಿರುವುದು ಇಷ್ಟು: 'ಅರ್ಧ ಜನ ಹೊರಗೆ ಭಜಿ ತಿನ್ನುತ್ತಿದ್ದರು.'

ನನ್ನ ಊರು ಹಳಿಯಾಳದ ಹತ್ತಿರದ ಒಂದು ಹಳ್ಳಿ. ನಾವು ಸಿದ್ದಿಗಳು. ನಮ್ಮ ಹಿರಿಯರನ್ನು ಆಫ್ರಿಕಾದಿಂದ ಹಡಗಿನಲ್ಲಿ ಹಿಡಿದು ತಂದರಂತೆ. ಯಾವ ಕಾಲದಲ್ಲಿ ಎಂದು ನನ್ನ ಅಜ್ಜಿಗೂ ತಿಳಿದಿರಲಿಲ್ಲ. ಮೈಬಣ್ಣ ಉಳಿಯಿತು, ಗುಂಗುರು ಕೂದಲು ಉಳಿಯಿತು, ಡಮಾಮಿ ಎಂಬ ಡೋಲಿನ ಕುಣಿತ ಉಳಿಯಿತು. ಆ ಕಡೆಯ ಭಾಷೆ ಉಳಿಯಲಿಲ್ಲ. ಧಾರವಾಡದಲ್ಲಿ ನಾನು ಕನ್ನಡ ಎಂ.ಎ. ಮಾಡಿದೆ. ಕನ್ನಡ ಉಪನ್ಯಾಸಕಿಯ ಹುದ್ದೆಗೆ ಸಂದರ್ಶನಕ್ಕೆ ಹೋದಾಗ ಮೇಜಿನ ಆಚೆ ಕುಳಿತವರೊಬ್ಬರು ಇಂಗ್ಲಿಷಿನಲ್ಲಿ ಕೇಳಿದರು, ಭಾರತಕ್ಕೆ ಬಂದು ಎಷ್ಟು ದಿನವಾಯಿತು ಎಂದು. ನಾನು ಹಳಗನ್ನಡದಲ್ಲಿ ಉತ್ತರ ಕೊಟ್ಟೆ. ಅವರಿಗೆ ಅರ್ಥವಾಗಲಿಲ್ಲ. ಕೆಲಸವೂ ಸಿಗಲಿಲ್ಲ.

ಆಗ ಹಳಿಯಾಳದಲ್ಲಿ ಒಂದು ನಾಟಕ ಕಂಪನಿ ಬೀಡುಬಿಟ್ಟಿತ್ತು. ಅದರ ಮಾಲೀಕರು ಗುರಪ್ಪನವರು. ದಪ್ಪ ಮೀಸೆ, ಸಣ್ಣ ದನಿ. ಅವರ ಪ್ರಾಂಪ್ಟರ್ ಓಡಿಹೋಗಿದ್ದ. ಪ್ರಾಂಪ್ಟರ್ ಎಂದರೆ ರಂಗದ ಪಕ್ಕದ ಪರದೆಯ ಮರೆಯಲ್ಲಿ ಸ್ಟೂಲಿನ ಮೇಲೆ ಕುಳಿತು, ಮಾತು ಮರೆತವರಿಗೆ ಮಾತು ಎತ್ತಿಕೊಡುವವರು. ಓದು ಬಲ್ಲವಳು, ಕಡಿಮೆ ಸಂಬಳಕ್ಕೆ ಬರುತ್ತಾಳೆ ಎಂದು ನನ್ನನ್ನು ಸೇರಿಸಿಕೊಂಡರು. ಮುಖ ಕಾಣದ ಕೆಲಸವಾದ್ದರಿಂದ ಬಣ್ಣದ ಪ್ರಶ್ನೆ ಬರಲಿಲ್ಲ.

ಹೊಸಬರಿಗೆ ಹೇಳುತ್ತೇನೆ: ಸಾಧ್ಯವಾದರೆ ಈ ಕೆಲಸದಿಂದ ಶುರು ಮಾಡಿ. ನಟರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಯಾರು ಮಾತು ಮರೆತಾಗ ಕೆಮ್ಮುತ್ತಾರೆ, ಯಾರು ಸೆರಗು ಸರಿಪಡಿಸುತ್ತಾರೆ ಎಲ್ಲವೂ ಆ ಸ್ಟೂಲಿನಿಂದ ಕಾಣುತ್ತದೆ. ನಮ್ಮ ನಾಯಕಿ ಮಾಲತಿಬಾಯಿ ಮಾತು ಮರೆತರೆ ಎಡಗೈಯ ಬಳೆ ತಿರುಗಿಸುತ್ತಿದ್ದರು. ಬಳೆ ಅಲುಗಿದರೆ ಸಾಕು, ನಾನು ಪಿಸುಗುಟ್ಟಿಬಿಡುತ್ತಿದ್ದೆ. ಸ್ವಲ್ಪ ದಿನದಲ್ಲಿ ನಾಟಕ ನನಗೆ ಪೂರಾ ಬಾಯಿಪಾಠವಾಗಿ ಪುಸ್ತಕ ಮುಚ್ಚಿಟ್ಟು ಕೂರತೊಡಗಿದೆ.

ಕಂಪನಿ ಅಕ್ಕಲಕೋಟೆಗೆ ಬಂತು. ತಗಡಿನ ಥೇಟರು ಕಟ್ಟಿದೆವು. ಗುರುವಾರ ಬಂದರೆ ಅಲ್ಲಿಯ ಸ್ವಾಮಿಗಳ ಗುಡಿಗೆ ಬಂದ ಭಕ್ತರು ಊರಿನ ತುಂಬ, ನಮ್ಮಲ್ಲಿ ಮಾತ್ರ ಕುರ್ಚಿಗಳು ಖಾಲಿ. ಒಂದು ಮಧ್ಯಾಹ್ನ ಹೊತ್ತು ಹೋಗದೆ ನಾನು ಡೋಲಿನವನ ಮುಂದೆ ನಮ್ಮ ಡಮಾಮಿಯ ಹೆಜ್ಜೆ ಹಾಕಿ ತೋರಿಸುತ್ತಿದ್ದೆ. ಗುರಪ್ಪನವರು ನೋಡಿದರು. ಮರುದಿನ ಊರಿನ ನಾಲ್ಕೂ ದಿಕ್ಕಿಗೆ ಬೋರ್ಡು ಎದ್ದಿತ್ತು. ಆಫ್ರಿಕಾ ಖಂಡದಿಂದ ನೇರವಾಗಿ ಹಡಗಿನಲ್ಲಿ ಬಂದ ನರ್ತಕಿ ಮಿಸ್ ಜಂಬಾ! ಚಿತ್ರದಲ್ಲಿ ಒಂದು ಹೆಣ್ಣು, ಪಕ್ಕದಲ್ಲಿ ಒಂದು ಹುಲಿ. ಆಫ್ರಿಕಾದಲ್ಲಿ ಹುಲಿ ಇಲ್ಲ ಎಂದೆ.

'ಇಲ್ಲಿ ಯಾರ್ ನೋಡ್ಯಾರವ್ವ?' ಎಂದರು ಮಾಲೀಕರು. 'ನೀ ಒಂದ ಕೆಲಸ ಮಾಡು. ಊರಾಗ ಬಾಯಿ ಬಿಡಬ್ಯಾಡ. ನೀ ಕನ್ನಡ ಮಾತಾಡಿದಿ ಅಂದ್ರ ನನ್ನ ಹಡಗ ಮುಳಗತೈತಿ.'

'ಮತ್ತ ಚಾ ಬೇಕಾದ್ರ ಏನ್ ಮಾಡ್ಲಿರಿ?'

'ಕೈ ಮಾಡಿ ತೋರಸು.'

ಹೀಗೆ ಕನ್ನಡ ಎಂ.ಎ. ಓದಿದ ನಾನು ಹಗಲೆಲ್ಲ ಅಕ್ಕಲಕೋಟೆಯ ಬೀದಿಯಲ್ಲಿ ಮೂಕಿಯಾದೆ. ಸಂಜೆ ಪರದೆಯ ಮರೆಯಲ್ಲಿ ಕುಳಿತು ಇಡೀ ಕಂಪನಿಯ ಬಾಯಿಗೆ ಕನ್ನಡ ಹಾಕುತ್ತಿದ್ದೆ, ನಡುವೆ ಎದ್ದು ಹೋಗಿ ಗರಿ ಕಟ್ಟಿಕೊಂಡು 'ಹುಂಬಾ ಹುಂಬಾ' ಎಂದು ಕುಣಿದು ಬಂದು ಮತ್ತೆ ಸ್ಟೂಲಿನ ಮೇಲೆ ಕೂರುತ್ತಿದ್ದೆ. ಆಟ ತುಂಬತೊಡಗಿತು. ಹೆರಿಗೆಯಾದ ಮನೆಯಲ್ಲಿ, ಸತ್ತವರ ಮನೆಯಲ್ಲಿ ನನ್ನ ಅವ್ವ ಕುಣಿಯುತ್ತಿದ್ದ ಹೆಜ್ಜೆ ಅದು. ಅದರ ಮೇಲೆ ಆ 'ಹುಂಬಾ' ಹಾಕಿದಾಗ ನನಗೆ ಏನನ್ನಿಸಿತು? ದಿನಚರಿಯಲ್ಲಿ ಏನೂ ಇಲ್ಲ. ಆ ವಾರಗಳ ಪುಟಗಳಲ್ಲಿ ಊಟ ಮತ್ತು ಬಿಸಿಲು ಮಾತ್ರ ಇವೆ. ಬರೆಯಲು ನಾಚಿಕೆಯಾಗಿತ್ತೆಂದು ಈಗ ಊಹಿಸುತ್ತೇನೆ.

ಒಂದು ದಿನ ಪ್ರಚಾರಕ್ಕೆಂದು ಕಂಪನಿಯ ಮ್ಯಾನೇಜರು ನನ್ನನ್ನು ಜೀಪಿನಲ್ಲಿ ಕೂರಿಸಿ ಚಪಳಗಾಂವ ಎಂಬ ಹತ್ತಿರದ ಹಳ್ಳಿಗೆ ಕರೆದೊಯ್ದರು. ಅಲ್ಲಿ ಗಂಗಾಬಾಯಿ ಎಂಬ ಪಾಟೀಲರ ಮನೆಯ ಹೆಂಗಸು ಜೀಪಿನ ಹತ್ತಿರ ಬಂದು ನನ್ನ ಕೂದಲು ಮುಟ್ಟಿ ನೋಡಿದರು.

'ಅಯ್ಯ ದೇವಾ, ಕುರಿ ತುಪ್ಪಟ ಆಗ್ಯದ ನೋಡ ಕೂದ್ಲ! ಪಾಪ, ಹಡದ ಅವ್ವ ಎಲ್ಲ್ಯಾಳೋ ಏನೋ. ಸಮುದ್ರ ದಾಟಿ ಬಂದದ ಕೂಸು. ಉಂಡದೋ ಇಲ್ಲೋ?'

ಪಕ್ಕದಲ್ಲಿದ್ದ ಇನ್ನೊಬ್ಬ ಹೆಂಗಸು, 'ಮಾವಶಿ, ಆಕಿ ಮಂದೀನ ತಿಂತಾಳಂತ!' ಎಂದಳು.

'ನಿನ್ನ ತಿಂದ್ರ ಆಕಿ ಹಲ್ಲ ಮುರದಾವು. ಸುಮ್ನಿರು,' ಎಂದು ಗಂಗಾಬಾಯಿ ನನ್ನ ಕೈ ಹಿಡಿದು ಪಡಸಾಲೆಗೆ ಕರೆದೊಯ್ದು ಕೂರಿಸಿದರು. ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಮೇಲೆ ಗಟ್ಟಿ ಮೊಸರು. ತಿಂದೆ. ಇನ್ನೊಂದು ರೊಟ್ಟಿ ಬಿತ್ತು. ತಿಂದೆ. ಕೈ ಅಡ್ಡ ಹಿಡಿದೆ. 'ನಾಚತದ ಕೂಸು,' ಎಂದು ಮತ್ತೊಂದು ಹಾಕಿದರು. ತಲೆ ಅಲ್ಲಾಡಿಸಿದೆ. 'ಅವ್ರ ದೇಶದಾಗ ಹಿಂಗ ತಲಿ ಅಲ್ಲಾಡಿಸಿದ್ರ ಬೇಕು ಅಂತ ಅರ್ಥ,' ಎಂದು ಅಲ್ಲಿ ಕುಳಿತಿದ್ದ ಒಬ್ಬರು ವಿವರಿಸಿದರು. ಮತ್ತೊಂದು ಬಿತ್ತು. ಸಾಕು ಎಂಬ ಒಂದು ಮಾತು ನಾಲಿಗೆಯ ತುದಿಯಲ್ಲಿತ್ತು. ನಮ್ಮ ಮ್ಯಾನೇಜರು ಬಾಗಿಲಲ್ಲಿ ನಿಂತು ಕಣ್ಣು ಬಿಡುತ್ತಿದ್ದರು. ಆ ಮಧ್ಯಾಹ್ನ ಉಂಡ ಹಾಗೆ ನಾನು ಜನ್ಮದಲ್ಲಿ ಉಂಡಿಲ್ಲ. ವಾಪಸು ಬರುವಾಗ ಜೀಪಿನಲ್ಲಿ ಅತ್ತೆ. ಹೊಟ್ಟೆ ಭಾರಕ್ಕೆ ಎಂದು ಮ್ಯಾನೇಜರು ತಿಳಿದರು. ಅಷ್ಟು ಅಕ್ಕರೆಯಿಂದ ಬಡಿಸಿದವರಿಗೆ ನನ್ನ ಹೆಸರು ಹೇಳಲಾಗಲಿಲ್ಲ ಎಂಬ ಸಂಕಟ ಅವರಿಗೆ ತಿಳಿಯುವಂತಿರಲಿಲ್ಲ.

ಆ ಸಂಕಟದ ನಂತರ ನನಗೆ ಬೇಕಾದದ್ದು ಒಂದೇ ಆಯಿತು. ರಂಗದ ಮೇಲೆ ನನ್ನ ಹೆಸರಿನಲ್ಲಿ ನಿಂತು ನನ್ನ ಭಾಷೆಯಲ್ಲಿ ಮಾತಾಡಬೇಕು. ಸಣ್ಣ ಪಾತ್ರ ಕೊಡಿ ಎಂದು ಕೇಳಿದೆ. 'ರಾಕ್ಷಸಿ ಪಾತ್ರ ಇದ್ರ ನೋಡೋಣು,' ಎಂದರು ಮಾಲೀಕರು.

ಆಗ ಆಡುತ್ತಿದ್ದ ನಾಟಕ ಒಂದು ಸಂಸಾರದ ಕಥೆ. ಗೌಡರ ಮನೆಯ ಸೊಸೆ. ಅವಳನ್ನು ಹೊರಗೆ ಹಾಕಿ ಮಗನಿಗೆ ಎರಡನೇ ಮದುವೆ ಮಾಡಲು ಹೊರಡುತ್ತಾರೆ. ಆ ಮದುವೆಯ ಸಡಗರದಲ್ಲಿ ನನ್ನ ಕುಣಿತ. ಹಳ್ಳಿಯ ಮದುವೆಗೆ ಆಫ್ರಿಕಾದ ನರ್ತಕಿ ಹೇಗೆ ಬಂದಳು ಎಂದು ಯಾರೂ ಕೇಳಲಿಲ್ಲ. ಕಂಪನಿ ನಾಟಕದಲ್ಲಿ ಅಂಥ ಪ್ರಶ್ನೆ ಕೇಳುವುದು ಪದ್ಧತಿಯಲ್ಲ. ಕುಣಿತ ಮುಗಿದು ನಾನು ಒಳಗೆ ಬಂದ ಮೇಲೆ ಸೊಸೆಯ ಪಾತ್ರದ ಮಾಲತಿಬಾಯಿ ಮದುವೆ ಚಪ್ಪರಕ್ಕೆ ನುಗ್ಗಿ ದೊಡ್ಡ ಮಾತು ಆಡುತ್ತಿದ್ದರು. ಆ ಮಾತಿನಿಂದಲೇ ಅವರು ಹೆಸರಾದದ್ದು.

ಒಂದು ಸಂಜೆ ಆಟಕ್ಕೆ ಮೊದಲು ಗುರಪ್ಪನವರಿಗೆ ಹೊಸ ಯೋಚನೆ ಬಂತು. 'ಕುಣದ ಕೂಡ್ಲೆ ಒಳಗ ಬರಬ್ಯಾಡ. ಮಾಲತಿಬಾಯಿ ಬಾಜೂಕ ನಿಂತಿರು, ಶೋಭಾ ಕಾಣತೈತಿ. ಮಂದಿ ನಿನ್ನ ನೋಡಾಕ ಬಂದಾರ.' ಆಗಲಿ ಎಂದೆ. ನಾನು ರಂಗದ ಮೇಲೆ ನಿಂತರೆ ಸ್ಟೂಲು ಖಾಲಿ ಎಂಬುದು ಅವರಿಗೆ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ಎಷ್ಟೋ ವರ್ಷದ ಅನುಭವದ ಕಂಪನಿ ಪ್ರಾಂಪ್ಟರನ್ನೇ ಎತ್ತಿ ಬೆಳಕಿನಲ್ಲಿ ಗೊಂಬೆ ಮಾಡಿ ನಿಲ್ಲಿಸಿತು.

ಮಾಲತಿಬಾಯಿ ನುಗ್ಗಿ ಬಂದರು. ಮಾತು ಶುರುವಾಯಿತು, ಏರಿತು. ನಾನು ಗರಿಗಳ ನಡುವೆ ನಿಂತಿದ್ದೆ. ನಡುವೆ ಒಂದು ಕಡೆ ಅವರು ನಿಂತರು. ಎಡಗೈಯ ಬಳೆ ತಿರುಗಿತು. ಅವರ ಕಣ್ಣು ಪಕ್ಕದ ಪರದೆಯ ಕಡೆ ಹೋಯಿತು. ಅಲ್ಲಿ ಯಾರಿದ್ದಾರೆ? ಬಳೆ ಮತ್ತೆ ತಿರುಗಿತು. ಕಣ್ಣು ನನ್ನ ಕಡೆ ಬಂತು. ಪಿಸುಗುಟ್ಟಿದೆ. ಆದರೆ ತಲೆಯ ಮೇಲೆ ಮೈಕು ತೂಗುತ್ತಿತ್ತು. ರಂಗದ ಮಧ್ಯೆ ಪಿಸುಮಾತು ಎಂಬುದೇ ಇಲ್ಲ. ಇಡೀ ಥೇಟರಿಗೆ ಕೇಳಿತು. ಅರ್ಧ ಮಾತು ಹೊರಬಿದ್ದ ಮೇಲೆ ಇನ್ನರ್ಧ ನುಂಗಲು ನನಗಾಗಲಿಲ್ಲ. ದನಿ ಎತ್ತಿ ಆಡಿಬಿಟ್ಟೆ:

'ಈ ಹೊಲದಾಗ ನನ್ನ ಬೆವರ ಬಿದ್ದೈತಿ. ನನ್ನ ಹೊರಗಿನಾಕಿ ಅನ್ನವ್ರು ಮೊದಲ ಆ ಬೆವರ ಆರಿಸಿ ನನ್ನ ಉಡ್ಯಾಗ ಹಾಕ್ರಿ, ಆಮ್ಯಾಲ ಹೊರಗ ನಡಿ ಅನ್ರಿ!'

ಹಿಂದಿನಿಂದ ಒಂದು ಗಂಡುದನಿ: 'ಏ ಬಾಳ್ಯಾ! ಆಫ್ರಿಕಾದಾಕಿ ನಿನಕಿಂತ ಚಲೋ ಕನ್ನಡ ಮಾತಾಡ್ಯಾಳಲೋ!' ಅದರ ಬೆನ್ನಿಗೆ ಹೆಂಗಸರ ಕಡೆಯಿಂದ ನನಗೆ ಪರಿಚಯದ ದನಿ: 'ಯವ್ವಾ ಹುಡುಗಿ! ಅವತ್ತ ಸಾಕು ಅನ್ನಾಕ ನಿನಗ ಏನ್ ಧಾಡಿ ಆಗಿತ್ತ!' ಇಡೀ ಥೇಟರು ನಕ್ಕಿತು. ನಾನೂ ನಕ್ಕೆ. ಗರಿ ಅಲುಗುವಷ್ಟು ನಕ್ಕೆ.

ಇಲ್ಲಿ ನಿಲ್ಲಬೇಕು. ಗಂಗಾಬಾಯಿ ಆ ಸಂಜೆ ನಿಜಕ್ಕೂ ಬಂದಿದ್ದರೇ? ದಿನಚರಿಯಲ್ಲಿ ಅವರ ಮಾತಿಲ್ಲ. 'ಮಾತಾಡಿಬಿಟ್ಟೆ. ಎಲ್ಲ ನಕ್ಕರು' ಎಂದಷ್ಟೇ ಇದೆ. ನಾನು ಕಥೆ ಹೇಳುತ್ತ ಹೇಳುತ್ತ ಅವರನ್ನು ಕರೆತಂದು ಹೆಂಗಸರ ಸಾಲಿನಲ್ಲಿ ಕೂರಿಸಿರಬಹುದು. ಮಾಲತಿಬಾಯಿ ಕೊನೆಯವರೆಗೂ ತಾವು ಮಾತು ಮರೆಯಲೇ ಇಲ್ಲ, ಪರಿಣಾಮಕ್ಕೆಂದು ನಿಂತದ್ದು ಎಂದು ಸಾಧಿಸಿದರು. ಬಳೆ ತಿರುಗಿದ್ದನ್ನು ಮಾತ್ರ ನಾನು ಬಿಟ್ಟುಕೊಡುವುದಿಲ್ಲ.

ಮರುದಿನ ಬೆಳಗ್ಗೆ ಗುರಪ್ಪನವರು ಕರೆಸಿದರು. ಬೈಯುತ್ತಾರೆಂದು ಹೋದೆ. ಅವರು ಖುಷಿಯಲ್ಲಿದ್ದರು.

'ಹೊಸ ಬೋರ್ಡ್ ಬರಸಾಕ ಹೇಳೀನಿ. ಆರ ತಿಂಗಳದಾಗ ಕನ್ನಡ ಕಲಿತ ಆಫ್ರಿಕಾ ಸುಂದರಿ!'

'ಬರಸಬ್ಯಾಡ್ರಿ. ನಾ ಆಫ್ರಿಕಾ ನೋಡಿಲ್ರಿ. ಹಳಿಯಾಳದ ರೆಜಿನಾ ಅಂತ ಬರಸ್ರಿ.'

'ಹಳಿಯಾಳದಾಕಿನ್ನ ನೋಡಾಕ ಯಾರ್ ಬರ್ತಾರವ್ವ? ಹಳಿಯಾಳಕ್ಕ ಬಸ್ ಐತಿ.'

'ಹಂಗಾದ್ರ ನಾ ಅದ ಬಸ್ಸಿಗೆ ಹೋಕ್ಕೀನ್ರಿ. ಇವತ್ತಿಂದ ಹುಂಬಾ ಅನ್ನೂದಿಲ್ಲ. ಕುಣೀಬೇಕಂದ್ರ ನಮ್ಮವ್ವ ಕಲಿಸಿದ್ಹಂಗ ಕುಣೀತೀನಿ, ಹೆಸರ ಹೇಳಿ ಕುಣೀತೀನಿ. ಮಾತಿನ ಪಾತ್ರ ಕೊಡ್ರಿ. ರಾಕ್ಷಸಿ ಒಲ್ಲೆ, ಕಸ ಹೊಡಿಯಾಕಿ ಒಲ್ಲೆ.'

'ಮತ್ತೇನ್ ಸೊಸಿ ಪಾತ್ರ ಮಾಡ್ತೀಯೇನು?' ಎಂದು ನಕ್ಕರು.

'ಮಾಡ್ತೀನ್ರಿ.'

ಅಷ್ಟರಲ್ಲಿ ಮಾಲತಿಬಾಯಿ ಒಳಬಂದರು. ನನ್ನ ಪರ ಮಾತಾಡಲು ಬಂದವರಲ್ಲ. ಮಾಲೀಕರ ಮೇಲೆ ಕೆಂಡವಾಗಿದ್ದರು. 'ನನ್ನ ಸೀನಿನಾಗ ನನ್ನ ಬಾಜೂಕ ಗೊಂಬಿ ನಿಲ್ಲಸ್ತೀಯಾ ಗುರಪ್ಪ? ಮುಂದಿನ ಕ್ಯಾಂಪ್ ಸೊಲ್ಲಾಪುರ. ನಾ ಮಗಳ ಬಾಣಂತನಕ್ಕ ಗದಗಕ್ಕ ಹೊಂಟೀನಿ. ಸೊಸಿ ಪಾತ್ರ ಈಕಿ ಮಾಡ್ಲಿ. ಹ್ಯಾಂಗೂ ನನ್ನ ಮಾತೆಲ್ಲ ಈಕಿ ಬಾಯಾಗ ಅದಾವು. ನಾ ಇಲ್ಲದ ಎಷ್ಟ ದಿನ ಆಟ ನಡೀತೈತಿ, ನಾನೂ ನೋಡ್ತೀನಿ.' ನನ್ನ ಸೋಲು ನೋಡಬೇಕೆಂದೇ ಅವರು ಆ ಪಾತ್ರ ನನಗೆ ಬಿಟ್ಟದ್ದು. ಅದಕ್ಕಾಗಿ ನಾನು ಇಂದಿಗೂ ಅವರಿಗೆ ಕೃತಜ್ಞಳು. ಒಳ್ಳೆಯ ಮನಸ್ಸಿನಿಂದಲೇ ಬಾಗಿಲು ತೆರೆಯಲಿ ಎಂದು ಕಾಯುತ್ತ ಕೂತರೆ ಬಾಗಿಲ ಹೊರಗೇ ಮುದುಕಿಯಾಗುತ್ತೀರಿ.

ಇನ್ನು ಕೆಲಸದ ರೀತಿಯ ಬಗ್ಗೆ ಎರಡು ಮಾತು. ಸೊಲ್ಲಾಪುರದಲ್ಲಿ ಮೊದಲ ದಿನ ನಮಗೆ ಬಣ್ಣ ಹಚ್ಚುವ ದಸ್ತಗೀರ್ ಸಾಬರು ಬಿಳಿ ಮತ್ತು ಗುಲಾಬಿ ಪುಡಿ ಕಲಸಿಕೊಂಡು ಕುಳಿತಿದ್ದರು.

'ಗೌಡರ ಸೊಸಿ ಬೆಳ್ಳಗ ಇರಬೇಕು ಬೇಟಿ.'

'ಚಾಚಾ, ಹೊಲಕ್ಕ ಹೋಗೂ ಸೊಸಿ ಎಷ್ಟ ಬೆಳ್ಳಗ ಇರ್ತಾಳ?'

ಅವರು ಪುಡಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. 'ಹಂಗಾದ್ರ ನನಗ ಕೆಲಸ ಇಲ್ಲ,' ಎಂದು ಕಾಡಿಗೆ, ಕುಂಕುಮ ಹಚ್ಚಿ ಕೈ ತೊಳೆದುಕೊಂಡರು. ಕೆಲಸ ಇತ್ತು. ಆಗಿನ ಪುಡಿ ನಮ್ಮಂಥ ಚರ್ಮದ ಮೇಲೆ ದೀಪದಡಿ ಬೂದಿಯ ಹಾಗೆ ಕಾಣುತ್ತಿತ್ತು. ರಾತ್ರಿಯ ದೃಶ್ಯಕ್ಕೆ ಹಾಕುವ ನೀಲಿ ಬೆಳಕು ನನ್ನನ್ನು ನುಂಗಿ ಸೀರೆಯನ್ನಷ್ಟೇ ಉಳಿಸುತ್ತಿತ್ತು. ದೀಪದ ಮುಂದಿನ ನೀಲಿ ಹಾಳೆ ತೆಗೆದು ಹಳದಿ ಹಾಕಿ, ದೀಪವನ್ನು ಪಕ್ಕದಿಂದ ಹಿಡಿಯಿರಿ ಎಂದು ಹೇಳಲು ಕಲಿತೆ. ದೀಪದವರು ಗೊಣಗಿದರು. ಈಗ ಟಿ.ವಿ. ಧಾರಾವಾಹಿಯವರ ಹತ್ತಿರ ಎಲ್ಲ ಬಣ್ಣದ ಸಾಮಾನೂ ಇದೆ. ಆದರೂ ನನ್ನನ್ನು ಕರೆದಾಗಲೆಲ್ಲ ಮಾಟಗಾತಿಯ ಪಾತ್ರಕ್ಕೇ ಕರೆದರು. ಒಲ್ಲೆ ಎಂದೆ. ಹೀಗೆ ಒಲ್ಲೆ ಎಂದು ಕೆಲಸವಿಲ್ಲದೆ ಕುಳಿತ ವರ್ಷಗಳಿವೆ. ಆ ವರ್ಷಗಳಲ್ಲಿ ಮದುವೆ ಆರ್ಕೆಸ್ಟ್ರಾಗಳಲ್ಲಿ ಕನ್ನಡ, ಮರಾಠಿ, ತೆಲುಗು ಮೂರರಲ್ಲೂ ನಿರೂಪಣೆ ಮಾಡಿ ಬದುಕಿದೆ. ನಿಮಗೂ ಇಂಥ ಕರೆ ಬರುತ್ತವೆ. ಒಲ್ಲೆ ಎನ್ನಲು ಇನ್ನೊಂದು ಹೊಟ್ಟೆಪಾಡು ಕೈಯಲ್ಲಿರಲಿ ಎಂಬುದೇ ನನ್ನ ಬುದ್ಧಿವಾದ.

ಈಗ ಸೊಲ್ಲಾಪುರದ ಆ ಮೊದಲ ಆಟ. ಭಾನುವಾರದ ಮಧ್ಯಾಹ್ನ. ಗಿರಣಿಯವರು, ಮಗ್ಗದವರು, ಮುಂದಿನ ಸಾಲಿನಲ್ಲಿ ಬೀಡಿ ಕಟ್ಟುವ ಹೆಂಗಸರು. ಬೋರ್ಡಿನ ಮೇಲೆ ನನ್ನ ಹೆಸರಿತ್ತು. ಗುರಪ್ಪನವರು ಅದನ್ನು ಸಣ್ಣ ಅಕ್ಷರದಲ್ಲಿ ಬರೆಸಿದ್ದರು. ಪರದೆ ಸರಿಯಿತು. ಪಡಸಾಲೆಯಲ್ಲಿ ಮಾವನ ಪಾತ್ರದವರು ಕುಳಿತಿದ್ದರು. ನಾನು ತಲೆಯ ಮೇಲೆ ಸೆರಗು ಹೊದ್ದು, ಕೈಯಲ್ಲಿ ನೀರಿನ ತಂಬಿಗೆ ಹಿಡಿದು ಒಳಗಿನಿಂದ ಬಂದೆ.

ನಗು ಎದ್ದಿತು. ಮೊದಲು ಗಂಡಸರ ಕಡೆ, ಆಮೇಲೆ ಎಲ್ಲ ಕಡೆ. ಒಬ್ಬ ಕೂಗಿದ: 'ಗೌಡ್ರ, ಸೊಸಿನ್ನ ಬಿಸಲಾಗ ಮರತ ಬಂದೀರೇನ್ರಿ?' ನಗು ಇಮ್ಮಡಿಯಾಯಿತು. ಅದಕ್ಕೆ ನಾನು ಅಲ್ಲೇ 'ನಿಮ್ಮ ಹೊಲದಾಗ ದುಡದವ್ರು ಕರ್ರಗ ಅದಾರ, ನೆರಳಾಗ ಕುಂತವ್ರು ಬೆಳ್ಳಗ ಅದಾರ' ಎಂದು ತಿರುಗಿ ಹೇಳಿ ಬಾಯಿ ಮುಚ್ಚಿಸಿದೆ ಎಂದು ಬಹಳ ಕಡೆ ಹೇಳಿದ್ದೇನೆ. ಆ ಮಾತು ಆ ದಿನದ್ದಲ್ಲ. ಬಹಳ ಆಮೇಲೆ ಹೊಳೆದದ್ದು. ಆ ದಿನ ತಂಬಿಗೆ ಹಿಡಿದು ಮಾವನ ಕಡೆ ಇನ್ನೊಂದು ಹೆಜ್ಜೆ ಇಟ್ಟೆ, ಅಷ್ಟೇ.

ಪಕ್ಕದ ಪರದೆಯ ಮರೆಯಲ್ಲಿ ಹೊಸ ಪ್ರಾಂಪ್ಟರು ಗಾಬರಿಯಾಗಿ ನನ್ನ ಮಾತನ್ನು ಮತ್ತೆ ಮತ್ತೆ ಎತ್ತಿಕೊಡುತ್ತಿದ್ದರು. ಅವರ ಹಿಂದೆ ಗುರಪ್ಪನವರು. ಅವರು ಎರಡೂ ಕೈ ಮೇಲೆತ್ತಿ ಸನ್ನೆ ಮಾಡುತ್ತಿದ್ದರು: ಕುಣಿ, ಕುಣಿದುಬಿಡು, ಆಟ ಉಳಿಯಲಿ. ಹಾರ್ಮೋನಿಯಂ ಮಾಸ್ತರರು ಅವರನ್ನು ನೋಡಿ ಕುಣಿತದ ಮಟ್ಟನ್ನು ಶುರು ಮಾಡಿಬಿಟ್ಟರು. ಡೋಲಿನವರೂ ಸೇರಿಕೊಂಡರು. ಜನರಿಗೆ ಇನ್ನಷ್ಟು ಖುಷಿ; ಸಿಳ್ಳೆ ಬಿದ್ದವು. ನನ್ನ ಕಾಲಿಗೆ ಆ ಹೆಜ್ಜೆ ಎಷ್ಟು ಗೊತ್ತಿತ್ತೆಂದರೆ ಒಂದು ಹಿಮ್ಮಡಿ ತಾನಾಗಿ ನೆಲದಿಂದ ಎದ್ದಿತು.

ಅದನ್ನು ಮತ್ತೆ ನೆಲಕ್ಕೆ ಊರಿದೆ. ತಂಬಿಗೆಯನ್ನು ಎಡಗೈಗೆ ತೆಗೆದುಕೊಂಡು ಬಲಗೈ ಎತ್ತಿ ಮಾಸ್ತರರ ಕಡೆ ಹಿಡಿದೆ. ಹಾರ್ಮೋನಿಯಂ ನಿಂತಿತು. ಡೋಲು ಎರಡು ಪೆಟ್ಟು ಹೆಚ್ಚು ಬಾರಿಸಿ ನಿಂತಿತು. ಜನ ಇನ್ನೂ ನಗುತ್ತಿದ್ದರು. ನಾನು ನಿಂತೇ ಇದ್ದೆ. ನಗುವವರನ್ನು ಒಬ್ಬೊಬ್ಬರನ್ನಾಗಿ ನೋಡುತ್ತ ನಿಂತೆ. ಎಷ್ಟು ಹೊತ್ತು ಎಂದು ಕೇಳಬೇಡಿ. ನನಗೆ ಅದು ಒಂದು ಇಡೀ ಆಟದಷ್ಟು ಉದ್ದ. ಕೊನೆಗೆ ಬೀಡಿ ಕಟ್ಟುವವಳೊಬ್ಬಳು ಹಿಂದೆ ತಿರುಗಿ 'ಏ, ಗಪ್ ಬಸಾ ರೇ, ಸುಮ್ಮನ ಕೂಡ್ರಿ! ಆಕಿ ಏನೋ ಹೇಳಾಕತ್ತಾಳ,' ಎಂದು ಗದರಿದಳು. ಗದ್ದಲ ಇಳಿಯಿತು.

ಸೊಸೆಯ ಮೊದಲ ಮಾತಿನಲ್ಲಿ ಪದ್ಯವೂ ಇಲ್ಲ, ಬೆಂಕಿಯೂ ಇಲ್ಲ. ತಂಬಿಗೆ ಕೆಳಗಿಟ್ಟು ಹೇಳಿದೆ:

'ಮಾವಾರ, ಹೊತ್ತಾತು. ಊಟಕ್ಕ ಏಳ್ರಿ.'

ಮಾವ ಎದ್ದರು.